ಪತ್ರದಲ್ಲಿರುವ ನರ್ಸಮ್ಮ ಪುಸ್ತಕದಲ್ಲಿ ಯಾಕಿಲ್ಲ?

ಪ್ರಶ್ನೆ: ನನಗೆ ಈಗ 61 ವರ್ಷ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ 37 ವರ್ಷ ಎಎನ್‌ಎಂ (ಸರ್ಕಾರಿ ಆರೋಗ್ಯ ಕಾರ್ಯಕರ್ತೆ) ಆಗಿ ಕೆಲಸ ಮಾಡಿ 2024ರಲ್ಲಿ ನಿವೃತ್ತಳಾದೆ. ಊರವರು ನರ್ಸಮ್ಮ ಅಂತಲೇ ಕರೆಯುತ್ತಾರೆ. ಕಂಡದ್ದನ್ನು ಬರೆದಿಡಬೇಕು ಅಂತ ಆಸೆ. ಒಂದು ನೋಟ್‌ಬುಕ್ ತಂದು 40 ಪುಟ ಬರೆದೆ. ನಾನೇ ಓದಿದರೂ ಸಪ್ಪೆ ಅನ್ನಿಸುತ್ತದೆ. ‘ನಾನು 1987ರಲ್ಲಿ ಸೇವೆಗೆ ಸೇರಿದೆ. ಆಗ ರಸ್ತೆ ಇರಲಿಲ್ಲ. ತುಂಬಾ ಕಷ್ಟವಿತ್ತು. ಜನರಲ್ಲಿ ತಿಳುವಳಿಕೆ ಇರಲಿಲ್ಲ. ಆದರೂ ಲಸಿಕೆ ಕಾರ್ಯಕ್ರಮವನ್ನು ಯಶಸ್ವಿಯಾಗಿ ನಡೆಸಲಾಯಿತು’ – ಹೀಗೇ ಸಾಗುತ್ತದೆ. ನಿಜವಾಗಿ ಆಗಿದ್ದೇ ಬೇರೆ. ಹಳ್ಳ ಬಂದ ದಿನ ಲಸಿಕೆ ಡಬ್ಬಿ ತಲೆ ಮೇಲೆ ಹೊತ್ತು ದಾಟಿದ್ದೇನೆ. ಸೀರೆ ಎದೆಮಟ್ಟ ತೊಯ್ದರೂ ಚಿಂತೆ ಇರಲಿಲ್ಲ. ಡಬ್ಬಿ ಕೈಜಾರಿದರೆ ಅವತ್ತು ಕಾದು ಕೂತ ಕೂಸುಗಳಿಗೆ ಏನು ಹಾಕಲಿ ಅನ್ನೋದೇ ಭಯ. ಆದರೆ ನಾನೇನು ದೊಡ್ಡ ಮನುಷ್ಯಳಲ್ಲ. ಇಂಥದ್ದನ್ನು ಯಾರು ಓದುತ್ತಾರೆ? ಎಷ್ಟೋ ಘಟನೆಗಳ ತಾರೀಖೂ ನೆನಪಿಲ್ಲ. ಅಕ್ಕನ ಮಗ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಅವನಿಗೆ ತೋರಿಸಿದೆ. ‘ಯಾಕಬೇ ನರ್ಸಮ್ಮ, ನಮ್ಮ ಕೂಸಿಗಿ ಜ್ವರ ಬರ್ಸಾಕ ಬಂದಿಯೇನು’ ಅಂತ ಒಬ್ಬಾಕೆ ಬಾಗಿಲಲ್ಲಿ ನಿಂತು ಕೇಳಿದ್ದನ್ನು ಅವನು ‘ಶುಶ್ರೂಷಕಿಯೇ, ನಮ್ಮ ಮಗುವಿಗೆ ಜ್ವರ ಬರಿಸಲು ಬಂದಿರುವಿರಾ’ ಅಂತ ತಿದ್ದಿದ. ಯಜಮಾನರು ತೀರಿಕೊಂಡು ಆರು ವರ್ಷ. ಅವರ ಕುಡಿತದ ವಿಷಯ ಬರೆಯಬೇಡ ಅಂತ ಮಗಳು ಹೇಳುತ್ತಾಳೆ. ಕುಟುಂಬ ಯೋಜನೆ ಆಪರೇಷನ್‌ಗೆ ಟಾರ್ಗೆಟ್ ಇದ್ದ ದಿನಗಳ ಬಗ್ಗೆ ಬರೆಯಲೋ ಬೇಡವೋ ತಿಳಿಯದು. ಪರಿಚಯದವರೊಬ್ಬರು ‘ದುಡ್ಡು ಕೊಡಿ, ನಾವೇ ಬರೆದು ಪುಸ್ತಕ ಮಾಡಿಸಿ ಕೊಡ್ತೀವಿ’ ಅಂದಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಲಸಿಕೆ ಡಬ್ಬಿ ತಲೆ ಮೇಲೆ ಹೊತ್ತು ಹಳ್ಳ ದಾಟಿದ ಸಾಲಿನ ಕೆಳಗೆ ಗೆರೆ ಎಳೆದೆ. ಆ 40 ಪುಟದಲ್ಲಿ ಈ ಸಾಲು ಇದೆಯಾ? ನೀವು ಕಳಿಸಿದ ಮಾದರಿ ನೋಡಿದರೆ ಇರಲಿಕ್ಕಿಲ್ಲ. ಅಲ್ಲಿ ‘ರಸ್ತೆ ಇರಲಿಲ್ಲ’ ಅಂತಷ್ಟೇ ಇದೆ.

ನನಗೆ ಬರೆಯೋಕೆ ಬರೋದಿಲ್ಲ ಅಂತ ಹೇಳಿಕೊಳ್ಳುವಾಗಲೇ ನೀವು ಚೆನ್ನಾಗಿ ಬರೆದಿದ್ದೀರಿ. ಪತ್ರ ಬರೆಯುವಾಗ ಎದುರಿಗೆ ಒಬ್ಬ ಮನುಷ್ಯ ಇದ್ದ. ಅವನಿಗೆ ನಿಮ್ಮ ಕಷ್ಟ ತಿಳಿಸಬೇಕಿತ್ತು. ಅದಕ್ಕೇ ಸೀರೆ ತೊಯ್ದದ್ದು ಬಂತು, ಡಬ್ಬಿ ಬಂತು, ಭಯ ಬಂತು. ನೋಟ್‌ಬುಕ್ ತೆರೆದಾಗ ಎದುರಿಗೆ ಮನುಷ್ಯರು ಯಾರೂ ಇರಲಿಲ್ಲ, ‘ಪುಸ್ತಕ’ ಅನ್ನೋ ದೊಡ್ಡ ಮಾತು ಇತ್ತು. ಮೇಲಧಿಕಾರಿ ಬಂದಾಗ ಎದ್ದು ನಿಂತ ಹಾಗೆ ನಿಮ್ಮ ಭಾಷೆ ಎದ್ದು ನಿಂತುಬಿಟ್ಟಿತು.

ನಾನು ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಹೊಸಬರ ಬರಹ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಮೇಷ್ಟ್ರು, ಕಂಡಕ್ಟರ್, ಗಣಿ ಲಾರಿ ಓಡಿಸಿದವರು, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು – ಎಲ್ಲರ ಮೊದಲ ನೋಟ್‌ಬುಕ್ಕೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹಾಗಾಗಿ ಈ 40 ಪುಟ ವ್ಯರ್ಥ ಆಯಿತು ಅಂದುಕೊಳ್ಳಬೇಡಿ, ಹರಿಯಬೇಡಿ. ಅದು ನಿಮ್ಮ ಪುಸ್ತಕಕ್ಕೆ ಪಟ್ಟಿಯ ಹಾಗೆ ಕೆಲಸಕ್ಕೆ ಬರುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸಪ್ಪೆ ಆಗಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಅದು ನಿಮ್ಮ ನೌಕರಿ. 37 ವರ್ಷ ನೀವು ಎಷ್ಟು ರಿಜಿಸ್ಟರ್ ತುಂಬಿದ್ದೀರಿ! ಗರ್ಭಿಣಿಯರ ಪಟ್ಟಿ, ಲಸಿಕೆ ಪಟ್ಟಿ, ತಿಂಗಳ ವರದಿ. ವರದಿಯಲ್ಲಿ ‘ನಾನು’ ಅನ್ನೋ ಮಾತು ಬರಕೂಡದು. ‘ಲಸಿಕೆ ಹಾಕಲಾಯಿತು’, ‘ಭೇಟಿ ನೀಡಲಾಯಿತು’, ‘ಮನವರಿಕೆ ಮಾಡಲಾಯಿತು’. ಈ ‘ಲಾಯಿತು’ ಇದೆಯಲ್ಲ, ಇದರಲ್ಲಿ ಕೆಲಸ ಇರುತ್ತದೆ, ಮಾಡಿದವರು ಇರೋದಿಲ್ಲ. ಸರ್ಕಾರಿ ಕಡತಕ್ಕೆ ಅದು ಸರಿ. ನೆನಪಿನ ಬರಹಕ್ಕೆ ಅದು ಆಗಿಬರೋದಿಲ್ಲ, ಯಾಕಂದರೆ ಓದುವವರು ಹುಡುಕೋದೇ ಆ ಮಾಡಿದವಳನ್ನು. ಒಂದು ಕೆಲಸ ಮಾಡಿ. ಕೆಂಪು ಪೆನ್ನು ತೆಗೆದುಕೊಂಡು 40 ಪುಟದಲ್ಲಿ ‘ಲಾಯಿತು’ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಸುತ್ತು ಹಾಕಿ. ಪ್ರತಿ ಸುತ್ತಿನ ಪಕ್ಕ ‘ಯಾರು? ಎಲ್ಲಿ? ಆಗ ಕೈಯಲ್ಲಿ ಏನಿತ್ತು?’ ಅಂತ ಬರೆಯಿರಿ. ‘ಲಸಿಕೆ ಕಾರ್ಯಕ್ರಮವನ್ನು ನಡೆಸಲಾಯಿತು’ ಅನ್ನೋ ಒಂದೇ ಸಾಲಿನ ಅಡಿಯಲ್ಲಿ ಗಾಜಿನ ಸಿರಿಂಜು ಕುದಿಸಿದ ಸೀಮೆಎಣ್ಣೆ ಸ್ಟೌ, ಸ್ಪಿರಿಟ್ ವಾಸನೆ, ಅಂಗನವಾಡಿ ಕಟ್ಟೆ, ಅಳುವ ಕೂಸನ್ನು ಒತ್ತಿ ಹಿಡಿದ ಅಜ್ಜಿ ಎಲ್ಲ ಸಿಗಬಹುದು. ಇವು ನನ್ನ ಊಹೆ. ಸಿಗೋದು ಏನು ಅಂತ ನಿಮಗೇ ಗೊತ್ತು.

ಅದೇ ರೀತಿ ‘ತುಂಬಾ ಕಷ್ಟ’, ‘ತಿಳುವಳಿಕೆ ಇರಲಿಲ್ಲ’ ಅನ್ನೋ ಮಾತುಗಳಿಗೂ ಸುತ್ತು ಹಾಕಿ. ಎರಡನೆಯದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಬಾಗಿಲಲ್ಲಿ ನಿಂತ ಆ ಹೆಣ್ಣುಮಗಳು ‘ಜ್ವರ ಬರ್ಸಾಕ ಬಂದಿಯೇನು’ ಅಂದಳಲ್ಲ, ಅವಳಿಗೆ ಏನೂ ತಿಳಿದಿರಲಿಲ್ಲವಾ? ಡಿಪಿಟಿ ಲಸಿಕೆ ಹಾಕಿದರೆ ಒಂದೆರಡು ದಿನ ಜ್ವರ ಬರೋದು ನಿಮಗೂ ಗೊತ್ತು. ಅವಳು ಕಂಡದ್ದನ್ನೇ ಹೇಳಿದಳು. ರಾತ್ರಿಯೆಲ್ಲ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು ಅವಳು. ಮಾರನೇ ದಿನ ಕೂಲಿ ತಪ್ಪಿಸಿಕೊಂಡವಳೂ ಅವಳೇ ಇರಬಹುದು. ‘ತಿಳುವಳಿಕೆ ಇರಲಿಲ್ಲ’ ಅಂತ ಬರೆದ ಕೂಡಲೇ ಅವಳು ಪುಟದಿಂದ ಹೊರಗೆ ಹೋಗುತ್ತಾಳೆ. ಅವಳ ಮಾತನ್ನು ಬರೆದು, ನೀವೇನು ಉತ್ತರ ಕೊಟ್ಟಿರಿ, ಬಾಗಿಲು ತೆರೆಯಿತಾ ಮುಚ್ಚಿತಾ ಅಂತ ಬರೆದರೆ ಇಬ್ಬರೂ ಪುಟದಲ್ಲಿ ಉಳಿಯುತ್ತೀರಿ.

ಈಗ ನೀವು ಕೇಳಿದ ‘ಯಾರು ಓದುತ್ತಾರೆ’ ಅನ್ನೋ ಪ್ರಶ್ನೆ. ನಮ್ಮಲ್ಲಿ ಇಂಥ ಬರಹಕ್ಕೆಲ್ಲ ‘ಆತ್ಮಕಥೆ’ ಅನ್ನೋ ಒಂದೇ ಹೆಸರು ಓಡಾಡುತ್ತದೆ. ಆ ಹೆಸರು ಕೇಳಿದರೆ ಹುಟ್ಟಿದ ಊರು, ವಂಶ, ಶಾಲೆ, ಮದುವೆ, ನೌಕರಿ, ಪ್ರಶಸ್ತಿ ಅಂತ ಎಲ್ಲ ಹೇಳಬೇಕು ಅನ್ನಿಸುತ್ತದೆ. ಅಷ್ಟು ಹೇಳಲು ದೊಡ್ಡ ಮನುಷ್ಯರೇ ಆಗಿರಬೇಕು ಅಂತಲೂ ಅನ್ನಿಸುತ್ತದೆ. ನೀವು ಬರೆಯಬೇಕಾದ್ದು ಇಡೀ ಬಾಳಲ್ಲ, ಬಾಳಿನ ಒಂದು ಎಳೆ. ನನ್ನ ಬಳಿ ಬಂದಿದ್ದ ಲಾರಿ ಡ್ರೈವರ್ ಒಬ್ಬರು ಸಂಡೂರಿನಿಂದ ಅದಿರು ಹೊತ್ತು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ದಾರಿ ಒಂದನ್ನೇ ಬರೆದರು. ಹುಟ್ಟು, ಮದುವೆ ಯಾವುದೂ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅವರ ಬರಹವೂ ಅಲ್ಲಿಗೇ ನಿಂತಿತು. ಅದನ್ನು ಓದಿದ ಮೇಲೆ ಆ ಧೂಳಿನ ಬಗ್ಗೆ ಅದಕ್ಕಿಂತ ಹೆಚ್ಚು ನಂಬಬಹುದಾದ್ದು ನನಗೆ ಬೇರೆ ಸಿಕ್ಕಿಲ್ಲ.

ನಿಮ್ಮ ಎಳೆ ಯಾವುದು? ನನಗನ್ನಿಸೋದು ಹೇಳುತ್ತೇನೆ, ಒಪ್ಪದಿದ್ದರೆ ಬಿಡಿ. ಬಾಗಿಲು. ಬಯಲುಸೀಮೆಯಲ್ಲಿ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನ ಅಂತ ಲೆಕ್ಕ. ಅಷ್ಟು ಜನರ ಮನೆ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಹೋಗುತ್ತಾಳೆ. ಮೊದಮೊದಲು ಮುಚ್ಚುವ ಬಾಗಿಲು ಆಮೇಲೆ ತೆರೆಯುತ್ತದೆ. ಯಾಕೆ ತೆರೆಯಿತು? ಯಾವ ಮನೆಯದು ಕೊನೆಗೂ ತೆರೆಯಲಿಲ್ಲ? ಇದನ್ನು ಓದಲು ಜನ ಇದ್ದಾರೆ. ನಿಮ್ಮ ಕೈಯಲ್ಲಿ ಪೋಲಿಯೊ ಹನಿ ಹಾಕಿಸಿಕೊಂಡವರಿಗೆ ಈಗ ಮೂವತ್ತು ವರ್ಷ. ಅವರೇ ಸಾಕಷ್ಟು ಜನ ಇದ್ದಾರೆ, ಅಲ್ವಾ?

ತಾರೀಖು ನೆನಪಿಲ್ಲ ಅನ್ನೋದು ಎಲ್ಲರೂ ಹೇಳುವ ಮಾತು. ನೆನಪು ಅಂದರೆ ರಿಜಿಸ್ಟರ್ ಅಲ್ಲ. ಬೇಕಾದಾಗ ತೆಗೆದು ಓದುವ ಹಾಗೆ ಅದು ಒಳಗೆ ಕೂತಿರೋದಿಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾಯಿತು. ಮಾರನೇ ದಿನವೇ ಉಲ್ರಿಕ್ ನೈಸರ್ ಅನ್ನೋ ಮನೋವಿಜ್ಞಾನಿ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ಕಾಲು ಭಾಗದಷ್ಟು ಜನ ಪೂರ್ತಿ ಬೇರೆಯೇ ಕಥೆ ಹೇಳಿದರು, ಅದೂ ಬಹಳ ಧೈರ್ಯವಾಗಿ. ತಾವೇ ಬರೆದ ಹಾಳೆ ತೋರಿಸಿದರೂ ಕೆಲವರು ಈಗಿನ ನೆನಪೇ ಸರಿ ಅಂದರು. ಅವರು ಸುಳ್ಳುಗಾರರಲ್ಲ. ಮನುಷ್ಯರ ನೆನಪು ಇರೋದೇ ಹಾಗೆ.

ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ನಿಮಗೆ ಅನುಕೂಲವಾದ ಸಂಗತಿಯೂ ಇದೆ. ಜನರಿಗೆ ಬಾಳಿನ ಉಳಿದ ಭಾಗಕ್ಕಿಂತ ಹತ್ತರಿಂದ ಮೂವತ್ತು ವಯಸ್ಸಿನ ಒಳಗಿನದು ಜಾಸ್ತಿ ನೆನಪಿರುತ್ತದೆ ಅಂತ ಬಹಳ ಅಧ್ಯಯನಗಳಲ್ಲಿ ಕಂಡಿದೆ. ನೀವು ನೌಕರಿಗೆ ಸೇರಿದ್ದು ಇಪ್ಪತ್ತಮೂರರ ಆಸುಪಾಸಿನಲ್ಲಿ. ಮೊದಲ ಊರು, ಮೊದಲ ಹೆರಿಗೆ, ಮೊದಲ ಬೈಗುಳ ಎಲ್ಲ ಆ ಗಟ್ಟಿ ನೆನಪಿನ ಕಾಲದಲ್ಲೇ ಬರುತ್ತವೆ. ಅಲ್ಲಿಂದಲೇ ಶುರು ಮಾಡಿ. ಹುಟ್ಟಿದ ದಿನದಿಂದ ಶುರು ಮಾಡಬೇಡಿ. ಮೂರು ವರ್ಷದ ಒಳಗಿನದು ಯಾರಿಗೂ ಸರಿಯಾಗಿ ನೆನಪಿರೋದಿಲ್ಲ, ಅದು ಅವ್ವ ಹೇಳಿದ ಕಥೆ ಆಗಿರುತ್ತದೆ.

ತಾರೀಖನ್ನು ಊರಿಗೆಲ್ಲ ಗೊತ್ತಿರುವ ಘಟನೆಗೆ ಕಟ್ಟಿ. ಪಲ್ಸ್ ಪೋಲಿಯೊ ಶುರುವಾಗಿದ್ದು 1995ರ ಡಿಸೆಂಬರ್. ಕೊಪ್ಪಳ ನಮ್ಮ ರಾಯಚೂರಿನಿಂದ ಬೇರೆ ಜಿಲ್ಲೆ ಆಗಿದ್ದು 1997. ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ 2005. 108 ಆಂಬುಲೆನ್ಸ್ ಬಂದಿದ್ದು 2008ರ ನವೆಂಬರ್. ಊರೂರು ಮುಳುಗಿದ ಆ ನೆರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ‘ಆ ಹೆರಿಗೆ 108 ಬರೋದಕ್ಕಿಂತ ಮುಂಚೆನಾ, ಆಮೇಲಾ?’ ಅಂತ ನಿಮ್ಮನ್ನೇ ಕೇಳಿಕೊಂಡರೆ ಅರ್ಧ ತಾರೀಖು ಸಿಕ್ಕಂತೆ. ವರ್ಗಾವಣೆಯ ತಾರೀಖುಗಳು ನಿಮ್ಮ ಸೇವಾ ಪುಸ್ತಕದಲ್ಲೇ ಇವೆ, ನಕಲು ಇಟ್ಟುಕೊಳ್ಳಿ. ಅಷ್ಟಾದರೂ ಸಿಗದಿದ್ದರೆ ‘ಯಾವ ವರ್ಷ ಅಂತ ನೆನಪಿಲ್ಲ, ಸಜ್ಜೆ ತೆನೆ ಕಟ್ಟಿತ್ತು’ ಅಂತ ಬರೆಯಿರಿ. ಓದುವವರಿಗೆ ಅದು ಸಾಕು. ಗೊತ್ತಿಲ್ಲದ ಕಡೆ ಚಂದದ ತಾರೀಖು ಹಾಕಿ ತುಂಬಿಸೋದು ಬೇಡ. ಜೊತೆಗೆ ಕೆಲಸ ಮಾಡಿದ ಸಿಸ್ಟರ್ ಒಬ್ಬರ ನೆನಪು ನಿಮ್ಮದಕ್ಕಿಂತ ಬೇರೆ ಇದ್ದರೆ ಎರಡನ್ನೂ ಬರೆಯಿರಿ.

ಭಾಷೆಯ ವಿಷಯಕ್ಕೆ ಬರೋಣ. ನಿಮ್ಮ ಅಕ್ಕನ ಮಗ ಪ್ರೀತಿಯಿಂದಲೇ ತಿದ್ದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎರಡು ಸಾಲನ್ನೂ ಜೋರಾಗಿ ಓದಿ ನೋಡಿ. ‘ಯಾಕಬೇ ನರ್ಸಮ್ಮ’ ಅಂದಾಗ ಒಬ್ಬಾಕೆ ಸೊಂಟದ ಮೇಲೆ ಕೈ ಇಟ್ಟು ನಿಂತಿರೋದು ಕಾಣುತ್ತದೆ. ಆ ‘ಬೇ’ಯಲ್ಲಿ ಸಿಟ್ಟೂ ಇದೆ, ಸಲಿಗೆಯೂ ಇದೆ. ನೀವು ಪರಕೀಯರಲ್ಲ ಅನ್ನೋದೂ ಇದೆ. ‘ಶುಶ್ರೂಷಕಿಯೇ’ ಅಂದಾಗ ಆ ಹೆಂಗಸು ಕಾಣೋದಿಲ್ಲ. ‘ಕೂಸಿಗಿ’ ಅನ್ನೋ ಒಂದು ಮಾತಿನಿಂದ ಇದು ರಾಯಚೂರು ಕಡೆಯ ಬಾಗಿಲು ಅಂತ ಗೊತ್ತಾಗುತ್ತದೆ. ‘ಮಗುವಿಗೆ’ ಅಂದರೆ ಅದು ಯಾವ ಊರಿನದಾದರೂ ಆಗಬಹುದು.

ನಮ್ಮ ಭಾಗದ ಮಾತಿನಲ್ಲಿ ಇತಿಹಾಸವೂ ಇದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಹಾಗಾಗಿ ನಿಮ್ಮ ಕಡೆ ಹಿರಿಯರ ಬಾಯಲ್ಲಿ ಇನ್ನೂ ‘ದವಾಖಾನಿ’ ಇದೆ. ನಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿನ ಕೆಳಗಿತ್ತು, ಇಲ್ಲಿ ‘ಆಸ್ಪತ್ರಿ’. ನೀವು ‘ದವಾಖಾನಿ’ಯನ್ನು ‘ಚಿಕಿತ್ಸಾಲಯ’ ಮಾಡಿದರೆ ಅಷ್ಟು ಇತಿಹಾಸ ಅಳಿಸಿದ ಹಾಗೆ. ಉರ್ದು, ತೆಲುಗು ಬೆರೆತಿದ್ದರೆ ಬೆರೆತಿರಲಿ. ಪಕ್ಕದ ಮಾತಿನಿಂದ ಅರ್ಥ ಆಗುವ ಹಾಗೆ ಬರೆಯಿರಿ, ಸಾಕು.

ಇದಕ್ಕೂ ಒಂದು ತೊಂದರೆ ಇದೆ, ಅದನ್ನೂ ಹೇಳಬೇಕು. ಇಡೀ ಪುಸ್ತಕ ಆಡುಮಾತಿನಲ್ಲೇ ಇದ್ದರೆ ಮೈಸೂರು, ಮಂಗಳೂರು ಕಡೆಯವರು ಹತ್ತು ಪುಟದಲ್ಲಿ ದಣಿಯುತ್ತಾರೆ. ಒಂದೇ ಪದವನ್ನು ನೀವೇ ನಾಲ್ಕು ಥರ ಬರೆಯುವ ಅಪಾಯವೂ ಇದೆ. ಹೊಸಬರಿಗೆ ನಾನು ಹೇಳೋದು ಇಷ್ಟೇ. ಜನ ಆಡಿದ ಮಾತು ಆಡಿದ ಹಾಗೇ ಇರಲಿ. ನೀವು ಕಥೆ ಹೇಳುವ ಭಾಗ ಈ ಪತ್ರದ ಭಾಷೆಯಲ್ಲಿರಲಿ. ಅಕ್ಕನ ಮಗನಿಗೆ ಕಾಗುಣಿತ, ಒತ್ತಕ್ಷರ ನೋಡಲು ಕೊಡಿ. ಪದ ಬದಲಾಯಿಸೋದು ಬೇಡಪ್ಪ ಅಂತ ಮೊದಲೇ ಹೇಳಿಬಿಡಿ.

ಈಗ ಕಷ್ಟದ ಭಾಗ. ಟಾರ್ಗೆಟ್ ದಿನಗಳು. ನೀವು ಒಂದೇ ಸಾಲು ಬರೆದು ಬಿಟ್ಟಿದ್ದೀರಿ, ಆದರೆ ಇಡೀ ಪತ್ರದಲ್ಲಿ ಭಾರವಾದ ಸಾಲು ಅದೇ. ಕುಟುಂಬ ಯೋಜನೆ ಆಪರೇಷನ್‌ಗೆ ವರ್ಷಕ್ಕೆ ಇಷ್ಟು ‘ಕೇಸು’ ಅಂತ ನಿಗದಿ ಮಾಡುವ ಪದ್ಧತಿಯನ್ನು ದೇಶದಲ್ಲೆಲ್ಲ ಕೈಬಿಟ್ಟಿದ್ದು 1996ರ ಏಪ್ರಿಲ್‌ನಲ್ಲಿ. ಅಂದರೆ ನಿಮ್ಮ ಮೊದಲ ಒಂಬತ್ತು ವರ್ಷ ಆ ಒತ್ತಡದಲ್ಲೇ ಕಳೆದಿವೆ. ಲಸಿಕೆ ಹಾಕುವ ನರ್ಸಮ್ಮನೇ ಆಪರೇಷನ್ ಕೇಸು ಕೇಳಿಕೊಂಡು ಬರುವಾಗ ಜನ ಬಾಗಿಲು ಮುಚ್ಚಿದ್ದರಲ್ಲಿ ಆಶ್ಚರ್ಯ ಏನಿದೆ? ನಿಮ್ಮ ‘ತಿಳುವಳಿಕೆ ಇರಲಿಲ್ಲ’ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇರಬಹುದು. ಮೇಲಿನಿಂದ ನಿಮಗೇನು ಅಂದರು, ನೀವು ಯಾರಿಗೇನು ಅಂದಿರಿ, ಇವತ್ತು ಯಾವ ಮುಖ ನೆನಪಾಗುತ್ತದೆ – ಇದನ್ನು ಬರೆಯಿರಿ ಅಂತಲೇ ನನ್ನ ಸಲಹೆ. ಬರೆಯೋದೇ ಬೇರೆ, ಅಚ್ಚು ಹಾಕಿಸೋದೇ ಬೇರೆ. ಎರಡನೆಯದನ್ನು ಈಗ ತೀರ್ಮಾನ ಮಾಡಬೇಡಿ. ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ಟ್ರಂಕಿನಲ್ಲಿ ಬೀಗ ಹಾಕಿಡಿ.

ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಇದರಲ್ಲಿ ನಿಜ ಇದೆ, ಪೂರ್ತಿ ನಿಜ ಅಲ್ಲ. ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವಿನ ಬಗ್ಗೆ ಬರೆದರು. ಬರೆದ ತಕ್ಷಣ ಅವರ ಮನಸ್ಸು ಇನ್ನೂ ಭಾರವಾಯಿತು. ಅನುಕೂಲ ಕಂಡಿದ್ದು ಕೆಲವು ತಿಂಗಳ ಮೇಲೆ. ಹಾಗಾಗಿ ಇಂಥ ಪುಟಗಳನ್ನು ರಾತ್ರಿ ಮಲಗುವ ಮುಂಚೆ ಬರೆಯಬೇಡಿ. ಬೆಳಿಗ್ಗೆ ಬರೆಯಿರಿ. ಬರೆದ ಮೇಲೆ ರೊಟ್ಟಿ ಬಡಿಯೋದೋ, ಅಂಗಡಿಗೆ ಹೋಗೋದೋ ಏನಾದರೂ ಕೈಕೆಲಸ ಇರಲಿ. ಎರಡು ವಾರ ಕಳೆದರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂದರೆ ಆ ನೋಟ್‌ಬುಕ್ ಮುಚ್ಚಿ, ವೈದ್ಯರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಬ್ಬರ ಗುಟ್ಟಿನ ವಿಷಯದಲ್ಲಿ ನೀವು ಬೇರೆಯವರಿಗಿಂತ ಜಾಸ್ತಿ ಎಚ್ಚರ ಇರಬೇಕು. ಜನ ನಿಮಗೆ ಬಾಗಿಲು ತೆರೆದಿದ್ದು ನರ್ಸಮ್ಮ ಅಂತ, ಪುಸ್ತಕ ಬರೆಯುವವರು ಅಂತ ಅಲ್ಲ. ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಗುರುತು ಬಯಲು ಮಾಡೋದು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ ತಪ್ಪು. ಎಚ್‌ಐವಿ ಇರುವವರ ವಿಷಯ ಅವರ ಒಪ್ಪಿಗೆ ಇಲ್ಲದೆ ಹೇಳೋದನ್ನು 2017ರ ಕಾಯ್ದೆ ತಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಅಚ್ಚು ಹಾಕೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ, ಲೈಂಗಿಕ ದೌರ್ಜನ್ಯದಿಂದ ಅವರನ್ನು ಕಾಯುವ ಪೋಕ್ಸೊ ಕಾಯ್ದೆಯೂ ಇದೆ.

‘ಹೆಸರು ಬದಲಿಸಿದರೆ ಆಯ್ತಲ್ಲ’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ಒಬ್ಬರ ಬರಹದಲ್ಲಿ ಒಬ್ಬ ವಿಧವೆಯ ಹೆಸರು ಬದಲಿಸಿ ಅಚ್ಚಿಗೆ ಕೊಟ್ಟೆ. ಊರ ಹೆಸರು, ಗುಡಿ ಪಕ್ಕದ ಮನೆ, ಹೊಲಿಗೆ ಯಂತ್ರ ಎಲ್ಲ ಹಾಗೇ ಉಳಿದಿತ್ತು. ವಾರದೊಳಗೆ ಊರಿಗೆಲ್ಲ ಅದು ಯಾರು ಅಂತ ಗೊತ್ತಾಯಿತು. ಆ ತಾಯಿ ಅತ್ತಿದ್ದನ್ನು ಕೇಳಿದ ಮೇಲೆ ನಾನು ಕಲಿತೆ. ಸಣ್ಣ ಊರಲ್ಲಿ ಗುರುತು ಸಿಗೋದು ಹೆಸರಿನಿಂದ ಅಲ್ಲ. ಊರು ಬದಲಿಸಿ, ಕಸುಬು ಬದಲಿಸಿ, ಮಕ್ಕಳ ಸಂಖ್ಯೆ ಬದಲಿಸಿ, ನಾಲ್ಕಾರು ವರ್ಷ ಹಿಂದೆ ಮುಂದೆ ಮಾಡಿ. ಹೀಗೆ ಬದಲಿಸಿದ್ದೇನೆ ಅಂತ ಪುಸ್ತಕದ ಮೊದಲಲ್ಲೇ ಹೇಳಿ. ಅಷ್ಟು ಮಾಡಿದರೂ ಗುರುತು ಸಿಗುತ್ತೆ ಅಂದರೆ ಅದನ್ನು ಬಿಟ್ಟುಬಿಡಿ. ಹಳೇ ರಿಜಿಸ್ಟರ್ ಪುಟದ ಫೋಟೊ ಹಾಕೋದಂತೂ ಬೇಡವೇ ಬೇಡ.

‘ಕಾದಂಬರಿ ಅಂತ ಬರೆದುಬಿಡಿ, ಯಾರೂ ಏನೂ ಅನ್ನೋಲ್ಲ’ ಅನ್ನುವವರೂ ಸಿಗುತ್ತಾರೆ. ಕಾದಂಬರಿ ಅಂದ ಮಾತ್ರಕ್ಕೆ ಕಾನೂನಿನಿಂದ ಪಾರಾಗೋದಿಲ್ಲ. ಓದಿದವರಿಗೆ ಯಾರು ಅಂತ ಗೊತ್ತಾದರೆ ಮಾನಹಾನಿ ಕೇಸು ಹಾಕಬಹುದು. ನಿಜ ಬರೆದಿದ್ದೇನೆ ಅನ್ನೋದೂ ಒಂದೇ ಸಾಲದು. ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಅದು ನಿಜ ಆಗಿರಬೇಕು, ಜೊತೆಗೆ ಅದನ್ನು ಹೇಳೋದರಿಂದ ಸಾರ್ವಜನಿಕರಿಗೆ ಒಳಿತೂ ಆಗಬೇಕು. ಕೊಲೆ ಅಪರಾಧಿಯಾಗಿ ಜೈಲಿನಲ್ಲಿದ್ದ ತಮಿಳುನಾಡಿನ ಆಟೋ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆಯಲ್ಲಿ ಇರೋದನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು, ಅದನ್ನು ಮೀರಿದರೆ ಖಾಸಗಿತನಕ್ಕೆ ಧಕ್ಕೆ ಆಗಬಹುದು ಅಂದಿತು. ನಾನು ವಕೀಲನಲ್ಲ. ಅನುಮಾನ ಬಂದ ಪುಟಗಳನ್ನಷ್ಟೇ ಒಬ್ಬ ವಕೀಲರಿಗೆ ತೋರಿಸಿ. ಇಡೀ ಪುಸ್ತಕ ತೋರಿಸಬೇಕಿಲ್ಲ.

ಯಜಮಾನರ ವಿಷಯ. ತೀರಿಕೊಂಡವರ ಬಗ್ಗೆ ಬರೆದರೆ ತೊಂದರೆ ಇಲ್ಲ ಅನ್ನೋದೂ ಸರಿಯಲ್ಲ. ಮನೆಯವರ ಮನಸ್ಸು ನೋಯಿಸಬೇಕು ಅಂತಲೇ ಬರೆದಿದ್ದರೆ ಕಾನೂನು ಅದನ್ನೂ ಮಾನಹಾನಿ ಅನ್ನುತ್ತದೆ. ನಿಮ್ಮ ಉದ್ದೇಶ ಅದಲ್ಲ, ಗೊತ್ತು. ಇಲ್ಲಿ ಕಾನೂನಿಗಿಂತ ಮಗಳು ಮುಖ್ಯ. ಅವಳು ಬೇಡ ಅನ್ನೋದು ಯಾಕೆ? ಬೀಗರು ಏನಂದಾರು ಅಂತನಾ? ಇಲ್ಲ, ಅಪ್ಪ ಅಂದರೆ ಅವಳಿಗೆ ಬೇರೆಯೇ ಮನುಷ್ಯನಾ? ಕೇಳಿ ನೋಡಿ. ಎರಡನೆಯದಾದರೆ ಅವಳ ಅಪ್ಪನೂ ನಿಮ್ಮ ಪುಸ್ತಕದಲ್ಲಿ ಬರಬೇಕು. ರಾತ್ರಿ ಹೆರಿಗೆಗೆ ಕರೆ ಬಂದಾಗ ಲಾಂದ್ರ ಹಿಡಿದು ನಿಮ್ಮ ಜೊತೆ ನಡೆದ ದಿನ ಅವರ ಬಾಳಲ್ಲಿ ಒಂದಾದರೂ ಇದ್ದೀತು. ಇದ್ದರೆ ಬರೆಯಿರಿ. ಇಲ್ಲದಿದ್ದರೆ ಇಲ್ಲ. ಬರೆದಾದ ಮೇಲೆ ಆ ಅಧ್ಯಾಯವನ್ನು ಅಚ್ಚಿಗೆ ಮುಂಚೆ ಮಗಳಿಗೆ ಓದಲು ಕೊಡಿ. ಅವಳು ಹೇಳಿದ ತಪ್ಪು ತಿದ್ದಿ. ಪೂರ್ತಿ ತೆಗೆ ಅಂದರೆ ಏನು ಮಾಡೋದು? ನಾನಾಗಿದ್ದರೆ ತೆಗೆದು ಬೇರೆ ಇಡುತ್ತಿದ್ದೆ. ಪುಸ್ತಕ ಬಂದ ಮೇಲೆ ಅಣ್ಣ ತಂಗಿ ಮಾತು ಬಿಟ್ಟಿದ್ದನ್ನು ನಾನು ನೋಡಿದ್ದೇನೆ, ಈಗಲೂ ಮಾತಾಡುತ್ತಿಲ್ಲ. ಕೆಲವರು ಇದಕ್ಕೆ ಒಪ್ಪೋದಿಲ್ಲ, ನಿಜವನ್ನು ನುಂಗಬಾರದು ಅನ್ನುತ್ತಾರೆ. ಅವರ ಮಾತಿಗೂ ತೂಕ ಇದೆ. ನಿಮ್ಮ ಮನೆಯನ್ನು ತೂಗಿ ನೋಡಬೇಕಾದವರು ನೀವೇ.

‘ನಾವೇ ಬರೆದು ಕೊಡ್ತೀವಿ’ ಅಂದವರ ಬಗ್ಗೆ ನೇರವಾಗಿ ಹೇಳುತ್ತೇನೆ. ಈಗ ಬೇಡ. ನಿಮಗೆ ಬರೆಯಲು ಬರುತ್ತದೆ, ಪತ್ರವೇ ಸಾಕ್ಷಿ. ಬೇರೆಯವರು ಬರೆದರೆ ‘ಯಾಕಬೇ’ ಮತ್ತೆ ಹೊರಗೆ ಹೋಗುತ್ತದೆ. ಹಣವೂ ಮುಂಗಡ ಕೇಳುತ್ತಾರೆ, ಪುಸ್ತಕದ ಕಟ್ಟು ನಿಮ್ಮ ಮನೆಯ ಅಟ್ಟದ ಮೇಲೆ ಉಳಿಯುತ್ತದೆ. ಮುಂದೆ ಯಾರ ಜೊತೆ ಒಪ್ಪಂದ ಮಾಡಿಕೊಂಡರೂ ಬರಹದಲ್ಲಿರಲಿ. ಎಷ್ಟು ಪ್ರತಿ, ಹಕ್ಕು ಯಾರದು, ಎಷ್ಟು ವರ್ಷ ಅಂತ ಸ್ಪಷ್ಟವಾಗಿರಲಿ. ವರ್ಷ ನಮೂದಿಸದೆ ಹಕ್ಕು ಬರೆದುಕೊಟ್ಟರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡಿಸಲು ದುಡ್ಡು ಅಂದರೆ ನಂಬಬೇಡಿ. ಸರ್ಕಾರದ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಬೇರೆ ದಾರಿಗಳೂ ಇವೆ. ಮನೆಮಂದಿಗೆ ಅಂತ ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ಹೊಲಿಸಬಹುದು. ಖರ್ಚು ಕಡಿಮೆ, ಅಪಾಯವೂ ಕಡಿಮೆ. ಬಿಡಿಬಿಡಿ ಪ್ರಸಂಗಗಳನ್ನು ಪತ್ರಿಕೆಗಳಿಗೆ ಕಳಿಸಬಹುದು. ತಿಂಗಳುಗಟ್ಟಲೆ ಕಾಯಬೇಕು, ಅವರು ಕತ್ತರಿಸಿದರೆ ಸಹಿಸಬೇಕು. ಆದರೆ ಯಾರು ಓದುತ್ತಾರೆ ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಬೇಗ ಸಿಗೋದು ಈ ದಾರಿಯಲ್ಲೇ. ಕೈ ನೋವು ಬಂದರೆ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಆಮೇಲೆ ಯಾರಾದರೂ ಬರೆದುಕೊಳ್ಳಲಿ. ಫೋನೇ ಅಕ್ಷರ ಮಾಡಿಕೊಡುವ ಸೌಲಭ್ಯಕ್ಕೆ ನಮ್ಮ ಕಡೆಯ ಮಾತು ಸರಿಯಾಗಿ ತಿಳಿಯೋದಿಲ್ಲ, ‘ಕೂಸಿಗಿ’ ಅಂದರೆ ಇನ್ನೇನೋ ಬರೆಯುತ್ತದೆ. ಅದನ್ನೇ ನಂಬಿ ಕೂರಬೇಡಿ.

ಶುರು ಮಾಡೋದು ಹೇಗೆ? ಹೊಸ ನೋಟ್‌ಬುಕ್ ತನ್ನಿ. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆ ಖಾಲಿ ಬಿಡಿ. ಎರಡು ದಿನದ ಮೇಲೆ ಒಗ್ಗರಣೆ ಹಾಕುವಾಗಲೋ ಬಸ್ಸಿನಲ್ಲೋ ಇನ್ನೊಂದು ವಿವರ ನೆನಪಾಗುತ್ತದೆ, ಅದನ್ನು ಎಡಗಡೆ ಬರೆಯಲು ಜಾಗ ಬೇಕು. ದಿನಕ್ಕೆ ಅರ್ಧ ಗಂಟೆ ಸಾಕು. ಹಳೇ 40 ಪುಟವನ್ನು ಪಟ್ಟಿ ಮಾಡಿಕೊಳ್ಳಿ ಅಂದೆನಲ್ಲ, ಅದರಿಂದ ದಿನಕ್ಕೆ ಒಂದು ಸಾಲು ಆರಿಸಿ. ಆ ಸಾಲಿನ ಹಿಂದೆ ಇದ್ದ ಒಂದು ದಿನವನ್ನು ಮಾತ್ರ ಬರೆಯಿರಿ. ಪ್ರತಿ ಪುಟದ ಮೇಲೆ ಒಬ್ಬರ ಹೆಸರು ಹಾಕಿ ಪತ್ರದ ಹಾಗೆ ಶುರು ಮಾಡಿ. ಮಗಳಾಗಲಿ, ತೀರಿಕೊಂಡ ಅವ್ವನಾಗಲಿ, ಊರಿನ ಸೂಲಗಿತ್ತಿಯಾಗಲಿ. ಆ ಹೆಸರನ್ನು ಆಮೇಲೆ ಅಳಿಸಬಹುದು. ಹಿಂದೆ ಬರೆದದ್ದನ್ನು ಒಂದು ತಿಂಗಳು ತಿರುಗಿ ಓದಬೇಡಿ.

ಮೊದಲ ಪುಟಕ್ಕೆ ಆ ಹಳ್ಳವನ್ನೇ ತೆಗೆದುಕೊಳ್ಳಿ. ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದಿದ್ದಿರಾ, ಎರಡೂ ಕೈಯಲ್ಲಾ? ಚಪ್ಪಲಿ ಏನು ಮಾಡಿದಿರಿ? ಆಚೆ ದಂಡೆಯಲ್ಲಿ ಯಾರಾದರೂ ನಿಂತು ನೋಡುತ್ತಿದ್ದರಾ, ಅವರು ಕೂಗಿ ಏನಾದರೂ ಅಂದರಾ? ಮೂರು ಪುಟ ಆದ ಮೇಲೆ ನನಗೆ ಕಳಿಸಿ. ಟೈಪ್ ಮಾಡಿಸಬೇಡಿ, ನಿಮ್ಮ ಕೈಬರಹದಲ್ಲೇ ಇರಲಿ.